ಗುಳ್ಳೆ ಬಂತು ಸರಿ, ಎಬ್ಬಿಸಿದ್ದು ಯಾರು?

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸೆಂದು ನೊರೆ ಬರುತ್ತದಲ್ಲ, ಅದು ನಮ್ಮ ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವದ ಕೆಲಸ. ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತದೆ, ಸೆಕೆಂಡಿಗೆ ಲಕ್ಷಗಟ್ಟಲೆ ಅಣುಗಳನ್ನು. ಇಷ್ಟು ದೊಡ್ಡ ಪ್ರೋಟೀನಿನ ನಾಲ್ಕು ಭಾಗಗಳಲ್ಲೂ ಕೈಯಾಡಿಸುವುದು ಒಂದೊಂದೇ ಕಬ್ಬಿಣದ ಪರಮಾಣು. ಹಾಗಾದರೆ ಪ್ರೋಟೀನ್ ಬಿಟ್ಟು, ಲೋಹದ ಸುತ್ತ ಚಿಕ್ಕದೊಂದು ಅಣು ಕಟ್ಟಿ ಅದೇ ಕೆಲಸ ಮಾಡಿಸಬಹುದಲ್ವಾ? ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ನಾವು ಮಾಡುವುದು ಅದನ್ನೇ.

ಹೊಸಬರಿಗೆ ಮೊದಲು ಕೊಡುವುದು ಮ್ಯಾಂಗನೀಸ್ ಸೇಲೆನ್, ಮ್ಯಾಂಗನೀಸ್ ಲೋಹವನ್ನು ನಡುವೆ ಹಿಡಿದಿಟ್ಟುಕೊಂಡ ಚಿಕ್ಕ ಅಣು. ಸ್ಯಾಲಿಸಿಲಾಲ್ಡಿಹೈಡ್, ಎಥಿಲೀನ್ ಡೈಅಮೀನ್ ಬೆರೆಸಿದರೆ ಹಳದಿ ಹರಳು ಬೀಳುತ್ತದೆ. ಅದಕ್ಕೆ ಮ್ಯಾಂಗನೀಸ್ ಅಸಿಟೇಟ್ ಹಾಕಿ ಗಾಳಿ ಆಡಲು ಬಿಟ್ಟರೆ ಗಟ್ಟಿ ಡಿಕಾಕ್ಷನ್ ಬಣ್ಣ ಬರುತ್ತದೆ.

ಹೋದ ವಾರ ಒಬ್ಬ ವಿದ್ಯಾರ್ಥಿನಿ ಓಡಿ ಬಂದಳು. "ಸರ್, ಕ್ಯಾಟಲೇಸ್ ಥರಾನೇ ಗುಳ್ಳೆ ಬರ್ತಿದೆ!"

"ಬಫರ್ ಯಾವ್ದಮ್ಮ?"

"ಬೈಕಾರ್ಬನೇಟ್."

ಬಫರ್ ಅಂದರೆ ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ದ್ರಾವಣ, ಅಲ್ಲೇ ಎಡವಟ್ಟು. ಬೈಕಾರ್ಬನೇಟ್ ಜೊತೆಗಿದ್ದರೆ ಮಾಮೂಲಿ ಮ್ಯಾಂಗನೀಸ್ ಲವಣವೂ ಪೆರಾಕ್ಸೈಡನ್ನು ಒಡೆಯುತ್ತದೆ, ಇದು 1990ರಿಂದಲೇ ಗೊತ್ತಿರುವ ಸಂಗತಿ. ಫಾಸ್ಫೇಟ್ ಬಳಸಿದರೆ ಇನ್ನೊಂದು ತಂಟೆ: ಅದರ ಜೊತೆ ಸೇರಿದ ಮ್ಯಾಂಗನೀಸ್, ಸೂಪರಾಕ್ಸೈಡ್ ಎಂಬ ಆಮ್ಲಜನಕದ ಇನ್ನೊಂದು ಪುಂಡ ರೂಪವನ್ನು ಕಳೆಯುವ ಕೆಲಸವನ್ನೂ ಮಾಡಿಬಿಡುತ್ತದೆ. ಅಂದರೆ ನೀವು ಕಷ್ಟಪಟ್ಟು ಕಟ್ಟಿದ ಅಣು ಸುಮ್ನೆ ಕೂತಿರಬಹುದು, ಅದರಿಂದ ಕಳಚಿ ಬಿದ್ದ ಚೂರು ಲೋಹ ದುಡಿಯುತ್ತಿರಬಹುದು, ಹೆಸರು ಮಾತ್ರ ನಿಮ್ಮ ಅಣುವಿಗೆ. ಅದಕ್ಕೇ ಪಕ್ಕದಲ್ಲಿ ಬರೀ ಲವಣದ ಟ್ಯೂಬ್ ಒಂದು ಇರಲೇಬೇಕು. ಇಡಿಟಿಎ ಹಾಕಿಯೂ ನೋಡಬೇಕು, ಅದು ಬಿಡಿ ಲೋಹವನ್ನು ಹಿಡಿದುಕೊಳ್ಳುತ್ತದೆ. ಗುಳ್ಳೆ ನಿಂತರೆ ಅನುಮಾನ ಪಡಬೇಕು.

ಪ್ರೋಟೀನ್ ಅಂದರೆ ಗರ್ಭಗುಡಿ ಇದ್ದಂತೆ. ನಾವು ಮಾಡುವುದು ಉತ್ಸವಮೂರ್ತಿ, ಬೀದಿಗೆ ಬಂದ ಮೇಲೆ ಬಿಸಿಲು, ಮಳೆ, ನೂಕುನುಗ್ಗಲು ಎಲ್ಲವನ್ನೂ ತಡೆಯಬೇಕು. ಕ್ಯಾಟಲೇಸಿನ ಕಬ್ಬಿಣ ಕೂತಿರುವುದು ಪಾರ್ಫಿರಿನ್ ಎಂಬ ಉಂಗುರದಂಥ ಅಣುವಿನ ನಡುವೆ. ಪ್ರೋಟೀನ್ ಇಲ್ಲದ ಬೋಳು ಕಬ್ಬಿಣದ ಪಾರ್ಫಿರಿನ್‌ಗಳನ್ನೇ ನೋಡಿ, ಎರಡು ಹತ್ತಿರ ಬಂದರೆ ನಡುವೆ ಆಕ್ಸಿಜನ್ ಹಿಡಿದುಕೊಂಡು ಅಂಟಿಕೊಳ್ಳುತ್ತವೆ, ಮುಗೀತು. 1970ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲ್ಮನ್ ತಂಡ ಪಾರ್ಫಿರಿನ್ನಿನ ಒಂದು ಬದಿಗೆ ನಾಲ್ಕು ಗೂಟ ನೆಟ್ಟು ಬೇಲಿ ಹಾಕಿತು. ಆಮ್ಲಜನಕ ಬಂದು ಕೂತು, ಎದ್ದೂ ಹೋಯಿತು. ನನ್ನ ಪ್ರಕಾರ ಈ ಕಸುಬಿನಲ್ಲಿ ಅದಕ್ಕಿಂತ ಚೆಂದದ ಕೆಲಸ ಕಮ್ಮಿ.

ಇಷ್ಟೆಲ್ಲ ಯಾಕೆ ಅಂದರೆ, ಕ್ಯಾಟಲೇಸ್ ಸುಮಾರು 2.5 ಲಕ್ಷ ಡಾಲ್ಟನ್ (ಒಂದು ಡಾಲ್ಟನ್ ಅಂದರೆ ಹೆಚ್ಚುಕಮ್ಮಿ ಒಂದು ಹೈಡ್ರೋಜನ್ ಪರಮಾಣುವಿನ ತೂಕ) ತೂಕದ್ದು, ಜೀವಕೋಶದೊಳಗೆ ನುಗ್ಗುವುದು ಕಷ್ಟ, ನುಂಗಿದರೆ ಹೊಟ್ಟೆಯಲ್ಲಿ ಅರಗಿ ಹೋಗುತ್ತದೆ. ಸೇಲೆನ್ ತೂಕ ಕೆಲವೇ ನೂರು. ಹಾಗಂತ ಔಷಧಿಯ ದಾರಿ ಸುಲಭವಲ್ಲ. ಅವಸೋಪಾಸೆಮ್ ಎಂಬ ಮ್ಯಾಂಗನೀಸ್ ಅಣುವನ್ನು ರೇಡಿಯೇಷನ್ ಪಡೆಯುವವರ ಬಾಯಿಹುಣ್ಣಿಗೆಂದು ರೋಗಿಗಳ ಮೇಲೆ ಪರೀಕ್ಷಿಸಿದ್ದರು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಲಿಲ್ಲ, ಇನ್ನೊಂದು ಪರೀಕ್ಷೆ ಬೇಕು ಎಂದಿತು.

ನಮ್ಮ ಹುಡುಗಿ ಬಫರ್ ಬದಲಿಸಿ ಮತ್ತೆ ಮಾಡಿದ್ದಾಳೆ. ಗುಳ್ಳೆ ಮೊದಲಿನಷ್ಟಿಲ್ಲ, ಆದರೆ ಪಕ್ಕದ ಲವಣದ ಟ್ಯೂಬಿನಲ್ಲಿ ಒಂದೂ ಇಲ್ಲ.