ಆರೋಪಿ ಸಿಗುವ ಮೊದಲೇ ಕೇಸ್ ಫೈಲ್ ಸಿನಿಮಾದವರ ಕೈಗೆ: ‘ಆಲ್ಫಾ ಡಾಗ್’ ಹಿಂದಿನ ಜಗಳ

‘ಆಲ್ಫಾ ಡಾಗ್’ ಸಿನಿಮಾ ನೋಡಿದವರು ಒಂದನ್ನು ಮರೆತಿರಲಾರರು. ಪಾರ್ಟಿಗೆ ಬಂದ ಹುಡುಗಿ, ಸುಮ್ನೆ ಪಕ್ಕದಲ್ಲಿ ನಿಂತ ಗೆಳೆಯ, ಹೀಗೆ ಒಬ್ಬೊಬ್ಬರು ಬಂದಾಗಲೂ ತೆರೆ ಮೇಲೆ ಅವರ ಸಾಕ್ಷಿ ನಂಬರ್ ಮೂಡುತ್ತದೆ. ಅಪಹರಣವಾದ ಹುಡುಗ ಇನ್ನೂ ಬದುಕಿದ್ದಾನೆ, ನಗುತ್ತಿದ್ದಾನೆ. ನಮಗೆ ಮಾತ್ರ ಮುಂದಿನದು ಗೊತ್ತಾಗಿಬಿಡುತ್ತದೆ. ಇಷ್ಟು ಜನರಿಗೆ ವಿಷಯ ಗೊತ್ತಿತ್ತು, ಒಬ್ಬರೂ ಅವನನ್ನು ಉಳಿಸಲಿಲ್ಲ.

ನಿಜವಾಗಿ ನಡೆದದ್ದೂ ಹೀಗೆಯೇ. ಲಾಸ್ ಏಂಜಲೀಸ್‌ನ ವೆಸ್ಟ್ ಹಿಲ್ಸ್‌ನಲ್ಲಿ ಜೆಸ್ಸಿ ಜೇಮ್ಸ್ ಹಾಲಿವುಡ್ ಎಂಬ 20 ವರ್ಷದ ಹುಡುಗ ಗಾಂಜಾ ದಂಧೆ ನಡೆಸುತ್ತಿದ್ದ. ಹಾಲಿವುಡ್ ಎನ್ನುವುದು ಅವನ ಮನೆತನದ ನಿಜವಾದ ಹೆಸರೇ. ಗೆಳೆಯನೊಬ್ಬ ಅವನಿಗೆ ಸುಮಾರು 1200 ಡಾಲರ್ ಬಾಕಿ ಉಳಿಸಿಕೊಂಡಿದ್ದ. 2000ರ ಆಗಸ್ಟ್ 6ರಂದು ಹಾಲಿವುಡ್ ಮತ್ತು ಅವನ ಜೊತೆಗಾರರಿಗೆ ಆ ಗೆಳೆಯನ ತಮ್ಮ, 15 ವರ್ಷದ ನಿಕೋಲಸ್ ಮಾರ್ಕೊವಿಟ್ಜ್, ರಸ್ತೆಯಲ್ಲಿ ಕಣ್ಣಿಗೆ ಬಿದ್ದ. ಹೊಡೆದು ವ್ಯಾನಿಗೆ ಹಾಕಿಕೊಂಡು ಸಾಂಟಾ ಬಾರ್ಬರಾಗೆ ಒಯ್ದರು. ಸಿನಿಮಾದಲ್ಲಿ ಆ ಊರು ಪಾಮ್ ಸ್ಪ್ರಿಂಗ್ಸ್ ಆಗಿದೆ.

ಅಲ್ಲಿ ಅವನನ್ನು ಕಟ್ಟಿಹಾಕಿ ಇಟ್ಟಿರಲಿಲ್ಲ. ಅವರ ಜೊತೆ ಕುಡಿದ, ಸೇದಿದ, ಮೋಟೆಲಿನ ಈಜುಕೊಳಕ್ಕೂ ಇಳಿದ. ಓಡಿಹೋಗುವ ಅವಕಾಶ ಒಂದಲ್ಲ, ಹಲವು ಸಲ ಇತ್ತು. ಅಣ್ಣನಿಗೆ ತೊಂದರೆಯಾದೀತು ಎಂದು ಹೋಗಲಿಲ್ಲ.

ಹಾಲಿವುಡ್ ನಡುವೆ ಪರಿಚಯದ ವಕೀಲರೊಬ್ಬರನ್ನು ಕಂಡ. ಹಣಕ್ಕಾಗಿ ಅಪಹರಿಸಿದರೆ ಜೀವಾವಧಿ ಶಿಕ್ಷೆಯಾಗಬಹುದು ಎಂಬ ಉತ್ತರ ಸಿಕ್ಕಿತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಇದಕ್ಕಿಂತ ಭಯಾನಕವಾದ ಗಳಿಗೆ ಇನ್ನೊಂದಿಲ್ಲ. ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾದ ಮೇಲೂ ಹುಡುಗನನ್ನು ಮನೆಗೆ ಕಳಿಸಬೇಕು ಅನಿಸಲಿಲ್ಲ ಅವರಿಗೆ. ಹಾಲಿವುಡ್‌ಗೆ ಸಾಲ ತೀರಿಸಬೇಕಿದ್ದ ಇನ್ನೊಬ್ಬ ಹುಡುಗ ಟೆಕ್-9 ಬಂದೂಕು ಹಿಡಿದು ಬಂದ. ಆಗಸ್ಟ್ 9ರ ನಸುಕಿಗೆ ಮೊದಲೇ, ಲಿಜರ್ಡ್ಸ್ ಮೌತ್ ಎಂಬ ಬಂಡೆಗುಡ್ಡದಲ್ಲಿ ನಿಕೋಲಸ್‌ನನ್ನು ಕೊಂದು ಹೂತರು. ಗುಂಡಿ ತೋಡಿದವನಿಗೆ 17 ವರ್ಷ. ಕೆಲವೇ ದಿನಗಳಲ್ಲಿ ಚಾರಣಿಗರಿಗೆ ಹೆಣ ಸಿಕ್ಕಿತು.

ಉಳಿದವರು ಬೇಗ ಸಿಕ್ಕಿಬಿದ್ದರು. ಗುಂಡು ಹಾರಿಸಿದವನಿಗೆ ಮರಣದಂಡನೆಯ ಶಿಕ್ಷೆ ವಿಧಿಸಿದರು. ಹಾಲಿವುಡ್ ಮಾತ್ರ ದೇಶ ಬಿಟ್ಟು ಪರಾರಿಯಾದ.

ಸಿನಿಮಾ ಮಾಡಿದ ಕಥೆ ಶುರುವಾಗುವುದು ಇಲ್ಲಿ. ನಿರ್ದೇಶಕ ನಿಕ್ ಕ್ಯಾಸವೆಟಿಸ್ ಈ ಕೊಲೆಯ ಬಗ್ಗೆ ಚಿತ್ರಕಥೆ ಬರೆಯಲು ಹೊರಟಾಗ, ಕೇಸ್ ನಡೆಸುತ್ತಿದ್ದ ಸಾಂಟಾ ಬಾರ್ಬರಾದ ಸರ್ಕಾರಿ ವಕೀಲ ರಾನ್ ಜೋನೆನ್ ನಿರ್ದೇಶಕರ ಕೈಗೆ ಕಡತವನ್ನೇ ಕೊಟ್ಟುಬಿಟ್ಟರು. ಪೊಲೀಸ್ ವರದಿ, ಫೋಟೊ, ಟೇಪು ಎಲ್ಲ ಅದರಲ್ಲಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ. ಸಿನಿಮಾ ಬಂದರೆ ಜನ ಆರೋಪಿಯನ್ನು ಗುರುತಿಸಿಯಾರು, ಅವನು ಸಿಕ್ಕಾನು ಎಂಬುದು ಅವರ ಲೆಕ್ಕ. ಆದರೆ ಹಾಲಿವುಡ್ 2005ರ ಮಾರ್ಚ್‌ನಲ್ಲೇ ಬ್ರೆಜಿಲ್‌ನ ಸಕ್ವರೆಮಾ ಎಂಬ ಕಡಲೂರಿನಲ್ಲಿ ಸಿಕ್ಕಿಬಿದ್ದ. ಸುಳ್ಳು ಹೆಸರಿನಲ್ಲಿ ಬದುಕುತ್ತಿದ್ದ. ಚಿತ್ರ ಮೊದಲು ಪ್ರದರ್ಶನ ಕಂಡದ್ದು 2006ರ ಜನವರಿಯಲ್ಲಿ, ಸನ್‌ಡಾನ್ಸ್ ಉತ್ಸವದಲ್ಲಿ. ಅಂದರೆ ಕಡತ ಕೊಟ್ಟ ಉದ್ದೇಶಕ್ಕೆ ಆಗ ಅರ್ಥವೇ ಉಳಿದಿರಲಿಲ್ಲ.

ಹಾಲಿವುಡ್ ಪರ ವಕೀಲ ಜೇಮ್ಸ್ ಬ್ಲಾಟ್ ಸುಮ್ಮನಿರಲಿಲ್ಲ. ವಿಚಾರಣೆಯೇ ಶುರುವಾಗಿಲ್ಲ, ಜನ ಆಗಲೇ ನನ್ನ ಕಕ್ಷಿದಾರನನ್ನು ಕೊಲೆಗಾರ ಅಂತ ತೆರೆ ಮೇಲೆ ನೋಡುತ್ತಾರೆ, ಇನ್ನು ಜ್ಯೂರಿ, ಅಂದರೆ ತೀರ್ಪು ಹೇಳುವ ನಾಗರಿಕರ ತಂಡ, ಎಲ್ಲಿಂದ ತರೋಣ ಎಂಬುದು ಅವರ ವಾದ. ಬಿಡುಗಡೆ ತಡೆಯುವ ಪ್ರಯತ್ನ ಫಲಿಸಲಿಲ್ಲ. 2007ರ ಜನವರಿಯಲ್ಲಿ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಹೆಸರುಗಳು ಬದಲಾಗಿದ್ದವು, ಅಷ್ಟೆ. ಎಮಿಲ್ ಹರ್ಷ್ ಮಾಡಿದ ಜಾನಿ ಟ್ರೂಲವ್ ಯಾರು ಅಂತ ಯಾರಿಗೂ ಹೇಳಬೇಕಿರಲಿಲ್ಲ.

ಜೋನೆನ್ ಅವರನ್ನು ಕೇಸಿನಿಂದ ತೆಗೆಯಬೇಕೆಂಬ ಬೇಡಿಕೆ ಹೆಚ್ಚು ದೂರ ಹೋಯಿತು. ಮೇಲ್ಮನವಿ ನ್ಯಾಯಾಲಯ ತೆಗೆಯಿರಿ ಎಂದಿತು. 2008ರ ಮೇ 12ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಕಡತ ಕೊಟ್ಟದ್ದು ತೀರಾ ಅನುಚಿತ ಎಂಬುದನ್ನು ಒಪ್ಪಿತು. ಆದರೆ ಸರ್ಕಾರಿ ವಕೀಲರನ್ನು ತೆಗೆಯಬೇಕಾದರೆ ಅವರು ತಪ್ಪು ಮಾಡಿದರು ಅಂದರೆ ಸಾಲದು, ಆರೋಪಿಗೆ ನ್ಯಾಯ ಸಿಗುವುದು ಕಷ್ಟವಾಗುವಂಥ ಹಿತಾಸಕ್ತಿ ಇದೆ ಅಂತ ತೋರಿಸಬೇಕು. ಅದು ಇಲ್ಲಿಲ್ಲ ಎಂದಿತು. ಅದೇ ದಿನ ಅದೇ ಕಚೇರಿಯ ಇನ್ನೊಬ್ಬ ವಕೀಲರ ಮೇಲೂ ಇಂಥದ್ದೇ ತೀರ್ಪು ಬಂತು. ಅಲ್ಲಿ ಜಗಳ ಅವರು ಬರೆದ ಕಾದಂಬರಿಯ ಬಗ್ಗೆ.

ಕಾನೂನಿನ ಮಟ್ಟಿಗೆ ಆ ತೀರ್ಪು ಸರಿಯೇ ಇರಬಹುದು. ನನಗೆ ಒಪ್ಪಿಗೆಯಾಗದ್ದು ಬೇರೆ. ಈ ಜಗಳವೆಲ್ಲ ಆರೋಪಿಯ ಹಕ್ಕಿನ ಸುತ್ತಲೇ ಸುತ್ತಿತು. ಕಡತದೊಳಗೆ ಇದ್ದವರು ಅವನೊಬ್ಬನೇ ಅಲ್ಲವಲ್ಲ? ಹದಿಹರೆಯದ ಹುಡುಗ ಹುಡುಗಿಯರು ಪೊಲೀಸರ ಮುಂದೆ ಹೇಳಿಕೊಂಡದ್ದೂ ಅದರಲ್ಲೇ ಇತ್ತು. ಅವರು ಮಾತಾಡಿದ್ದು ನ್ಯಾಯಾಲಯಕ್ಕಾಗಿ. ಮಗನನ್ನು ಕಳೆದುಕೊಂಡ ತಂದೆ ತಾಯಿಯ ನೋವೂ ಅದೇ ಕಡತದ್ದು. ಕೇಸ್ ಫೈಲ್ ಎಂಬುದು ಅದನ್ನು ನಡೆಸುವ ವಕೀಲರ ಸ್ವಂತ ಆಸ್ತಿಯಲ್ಲ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಒಬ್ಬರೇ ನಿರ್ಧರಿಸಿ ಕೊಡುವಂಥದ್ದಲ್ಲ. ಚಿತ್ರ ಚೆನ್ನಾಗಿದೆ. ಆಂಟನ್ ಯೆಲ್ಚಿನ್ ಆ ಹುಡುಗನಿಗೆ ಕೊಟ್ಟ ಮುಗ್ಧತೆ ಎದೆಗೆ ತಾಕುತ್ತದೆ. ಹಾಗಂತ ಈ ಪ್ರಶ್ನೆ ಹಗುರವಾಗುವುದಿಲ್ಲ.

2009ರಲ್ಲಿ ವಿಚಾರಣೆ ನಡೆದಾಗ ಸರ್ಕಾರದ ಪರ ನಿಂತದ್ದು ಜೋನೆನ್ ಅಲ್ಲ, ಜೋಶುವಾ ಲಿನ್. ಹಾಲಿವುಡ್ ತಾನೇ ಸಾಕ್ಷಿಕಟ್ಟೆಗೆ ಬಂದು, ಕೊಲ್ಲಲು ನಾನು ಹೇಳಿರಲಿಲ್ಲ ಎಂದ. ಜ್ಯೂರಿ ನಂಬಲಿಲ್ಲ. ಅಪಹರಣ ಮತ್ತು ಕೊಲೆ ಎರಡೂ ಸಾಬೀತಾದವು. ಸರ್ಕಾರ ಮರಣದಂಡನೆ ಕೇಳಿತ್ತು. ಅವನಿಗೆ ಸಿಕ್ಕಿದ್ದು ಪೆರೋಲ್ ಇಲ್ಲದ ಜೀವಾವಧಿ.