ಕಾದ ಫೋನು ಕರೆಂಟು ಒಲ್ಲೆನ್ನುವುದೇಕೆ?

ಹೋದ ಬೇಸಗೆಯ ಒಂದು ಮಧ್ಯಾಹ್ನ ನಮ್ಮ ಪಕ್ಕದ ಮನೆಯವರು ತಮ್ಮ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನೊಳಗೆ ಇಟ್ಟಿದ್ದರು. ಫೋನು ಕಾದಿತ್ತು, ಚಾರ್ಜ್ ಆಗುತ್ತಿರಲಿಲ್ಲ. ಅದಕ್ಕೂ ಮೊದಲು ಅವರು ಹೊಸ ಚಾರ್ಜರ್ ಕೊಂಡಿದ್ದರು, ರಿಪೇರಿ ಅಂಗಡಿಯಲ್ಲಿ ದುಡ್ಡು ತೆತ್ತು ಚಾರ್ಜಿಂಗ್ ಪಿನ್ ಬದಲಾಯಿಸಿದ್ದರು. ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ, ಬಿಸಿಲಿನಲ್ಲಿ ದಾರಿ ನೋಡುತ್ತಲೇ ಚಾರ್ಜಿಗೂ ಹಾಕುತ್ತಿದ್ದ ಆ ಫೋನಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಪ್ರತಿ ಬೇಸಗೆಯಲ್ಲೂ ಇಂಥ ವೃಥಾ ಖರ್ಚನ್ನು ಕಂಡು ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ತೆಗೆಯಬಹುದಾಗಿದ್ದ ಹಳೆಯ ಫೋನುಗಳನ್ನು ಬಳಸಿದವರಿಗೆ, ಆ ಬ್ಯಾಟರಿಯ ಅಂಚಿನಲ್ಲಿ ಮೂರೋ ನಾಲ್ಕೋ ಹಳದಿ ಲೋಹದ ಪಟ್ಟಿಗಳಿದ್ದದ್ದು ನೆನಪಿರಬಹುದು. ವಿದ್ಯುತ್ತು ಹರಿಯಲು ಧನ ಮತ್ತು ಋಣ ಎಂಬ ಎರಡು ತುದಿಗಳು ಸಾಕು. ಹಾಗಾದರೆ ಹೆಚ್ಚಿನ ಪಟ್ಟಿ ಏಕೆ? ಬಹಳಷ್ಟು ಬ್ಯಾಟರಿಗಳಲ್ಲಿ ಅದು ಥರ್ಮಿಸ್ಟರ್ ಎಂಬ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ತಾಪಸಂವೇದಕದ ತಂತಿ. ಬ್ಯಾಟರಿ ಫೋನಿನೊಳಗೆ ಅಂಟಿಕೊಂಡಿರುವ ಇಂದಿನ ದಿನಗಳಲ್ಲೂ ಈ ಕಾವಲುಗಾರ ಹಾಗೆಯೇ ಇದ್ದಾನೆ.

ಇವನ ಮೂಲ 1833ರಷ್ಟು ಹಿಂದಿನದು. ಬೆಳ್ಳಿಯ ದೀಪ, ಕುಂಕುಮದ ಬಟ್ಟಲುಗಳ ಮೇಲೆ ಕಾಲಕ್ರಮದಲ್ಲಿ ಕೂರುವ ಕಪ್ಪು ಪದರವಿದೆಯಲ್ಲ, ಅದು ಬೆಳ್ಳಿಯ ಸಲ್ಫೈಡ್. ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಅದೇ ವಸ್ತುವನ್ನು ಕಾಯಿಸಿ ನೋಡಿದಾಗ, ಲೋಹಗಳಿಗೆ ತೀರ ವಿರುದ್ಧವಾಗಿ, ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ, ಇಳಿಯುವುದನ್ನು ಗಮನಿಸಿದ. ಇಂದಿನ ಥರ್ಮಿಸ್ಟರಿನ ವಸ್ತು ಬೇರೆ, ಗುಣ ಮಾತ್ರ ಅದೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10,000 ಓಮ್ ರೋಧ ತೋರುವ ಥರ್ಮಿಸ್ಟರು 45 ಡಿಗ್ರಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ ತೋರುತ್ತದೆ. ಚಾರ್ಜಿಂಗ್ ನಿಯಂತ್ರಿಸುವ ಚಿಪ್ಪು ಈ ಒಂದು ಸಂಖ್ಯೆಯನ್ನು ಓದುತ್ತಲೇ ಇದ್ದು, ಸಾಮಾನ್ಯವಾಗಿ 45 ಡಿಗ್ರಿಯ ಆಸುಪಾಸಿನಲ್ಲಿ ವಿದ್ಯುತ್ತನ್ನು ಮೊದಲು ತಗ್ಗಿಸಿ, ಬಳಿಕ ಪೂರ್ತಿ ತಡೆಯುತ್ತದೆ.

ಅಷ್ಟು ಬಿಸಿಯಲ್ಲೂ ಫೋನಿನಲ್ಲಿ ಮಾತನಾಡಬಹುದು, ಚಾರ್ಜ್ ಮಾತ್ರ ಕೂಡದು. ಈ ವ್ಯತ್ಯಾಸವೇ ನನಗೆ ಅತ್ಯಂತ ಪ್ರಿಯವಾದ ಭಾಗ. ಬ್ಯಾಟರಿಯ ಒಂದು ಬದಿಯಲ್ಲಿ ಗ್ರಾಫೈಟ್ ಇದೆ. ಚಿರೋಟಿಯಂತೆ ಪದರ ಪದರವಾಗಿರುವ ಇಂಗಾಲ. ಇನ್ನೊಂದು ಬದಿಯಲ್ಲಿ, 1980ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಆಕ್ಸ್‌ಫರ್ಡಿನಲ್ಲಿ ಗುರುತಿಸಿದ ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಅದೂ ಪದರಗಳುಳ್ಳದ್ದೇ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಲಿಥಿಯಂ ಕಣಗಳು, ಈ ಎರಡನೆಯ ಚಿರೋಟಿಯಿಂದ ಹೊರಬಿದ್ದು, ನಡುವಿನ ದ್ರಾವಣವನ್ನು ದಾಟಿ, ಗ್ರಾಫೈಟಿನ ಪದರಗಳ ಸಂದಿಯಲ್ಲಿ ಸಕ್ಕರೆಪುಡಿಯಂತೆ ಸೇರಿಕೊಳ್ಳುತ್ತವೆ. ಬಳಸುವಾಗ ಅವೇ ಮರಳಿ ಬರುತ್ತವೆ. ಬಳಕೆ ಎಂದರೆ ಮಾಳಿಗೆಯ ಟ್ಯಾಂಕಿನಿಂದ ನೀರು ತಾನಾಗಿ ಇಳಿಯುವುದು; ಚಾರ್ಜಿಂಗ್ ಎಂದರೆ ಮೋಟಾರು ಹಾಕಿ ಆ ನೀರನ್ನು ಮೇಲಕ್ಕೆ ಎತ್ತುವುದು. ಎತ್ತರ ಹೆಚ್ಚಿದಂತೆ, ಅಂದರೆ ವೋಲ್ಟೇಜ್ ಏರಿದಂತೆ, ಲಿಥಿಯಂ ಕಳೆದುಕೊಂಡ ಕೋಬಾಲ್ಟ್ ಆಕ್ಸೈಡ್ ಅಸ್ಥಿರವಾಗುತ್ತದೆ, ಅದನ್ನು ತಾಗಿರುವ ದ್ರಾವಣ ಒಡೆಯತೊಡಗುತ್ತದೆ.

ಗ್ರಾಫೈಟಿನ ಕಡೆ ನಡೆಯುವುದು ಇನ್ನೂ ಸೊಗಸಾದ ಸಂಗತಿ. ಮೊದಲ ಸಲ ಚಾರ್ಜ್ ಮಾಡಿದಾಗ ದ್ರಾವಣದ ಸ್ವಲ್ಪ ಭಾಗ ಒಡೆದು, ಗ್ರಾಫೈಟಿನ ಮೇಲೆ ಹಾಲಿನ ಕೆನೆಯಂಥ ತೆಳು ಪೊರೆ ಕಟ್ಟುತ್ತದೆ. ಈ ಪೊರೆ ಬೇಕೇ ಬೇಕು. ಲಿಥಿಯಂ ಅಯಾನುಗಳನ್ನು ಒಳಗೆ ಬಿಟ್ಟು ದ್ರಾವಣವನ್ನು ಹೊರಗೇ ನಿಲ್ಲಿಸುವುದು ಅದೇ. ಆದರೆ ಕಾಯಿಸಿದಷ್ಟೂ ಕೆನೆ ದಪ್ಪವಾಗುವಂತೆ, ಬಿಸಿಯಲ್ಲಿ ಈ ಪೊರೆಯೂ ದಪ್ಪವಾಗುತ್ತದೆ. ಅದರಲ್ಲಿ ಸಿಲುಕಿದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ತಾಪ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಸ್ಥೂಲ ಲೆಕ್ಕ. ಬೇಸಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿಯಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಬಾಲ್ಟ್ ಆಕ್ಸೈಡಿಗೆ ಎದುರಾಗಿ ಶುದ್ಧ ಲಿಥಿಯಂ ಲೋಹದ ಬದಲು ಇಂಗಾಲವನ್ನು ಇಟ್ಟು, 1985ರಲ್ಲಿ ಸುರಕ್ಷಿತ ಮಾದರಿಯನ್ನು ರೂಪಿಸಿದವರು ಜಪಾನಿನ ಅಕಿರಾ ಯೋಶಿನೊ. 1991ರಲ್ಲಿ ಸೋನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಗುಡ್‌ಇನಫ್, ಯೋಶಿನೊ, ಇವರಿಗೂ ಮೊದಲೇ ಲಿಥಿಯಂ ಬ್ಯಾಟರಿಯ ಮೇಲೆ ಕೆಲಸ ಮಾಡಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮೂವರಿಗೂ 2019ರಲ್ಲಿ ನೊಬೆಲ್ ದೊರಕಿತು.

ಫೋನಿಗೆ ಫ್ಯಾನ್ ಇಲ್ಲ, ಬೆವರಿ ತಣಿಯಲು ಅದು ಮಣ್ಣಿನ ಮಡಕೆಯೂ ಅಲ್ಲ. ಒಳಗಿನ ಬಿಸಿ ಮೈಯ ಮೂಲಕವೇ ಸುತ್ತಲಿನ ಗಾಳಿಗೆ ಹೋಗಬೇಕು. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿದಾಗ 45ರ ಗೆರೆಗೆ ಉಳಿಯುವ ಅಂತರ ಅತ್ಯಲ್ಪ. ಅದರ ಮೇಲೆ ವೇಗದ ಚಾರ್ಜಿಂಗ್, ಹಾಟ್‌ಸ್ಪಾಟ್, ಆಟ, ದಪ್ಪ ಕವರು, ಹಾಸಿಗೆಯ ಮೆತ್ತೆ ಸೇರಿದರೆ ಗೆರೆ ದಾಟುವುದು ಸಹಜ. ಕೇಬಲ್ ಕಿತ್ತು, ಕವರು ತೆಗೆದು, ಪರದೆ ಆರಿಸಿ, ನೆರಳಿನಲ್ಲಿ ಕಲ್ಲು ಚಪ್ಪಡಿಯ ಮೇಲೋ ಫ್ಯಾನಿನ ಕೆಳಗೋ ಇಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಚಾರ್ಜಿಂಗ್ ಮತ್ತೆ ಶುರುವಾಗುತ್ತದೆ. ಪರದೆಯ ಮೇಲೆ ಹಿಮದ ಹಳುಕು ಉದುರಿಸಿ ಫೋನನ್ನು ತಣಿಸುವುದಾಗಿ ಹೇಳುವ ಆ್ಯಪುಗಳಿಂದ ತಾಪ ಇಳಿಯುವುದಿಲ್ಲ. ಆ ಚಿತ್ರ ಓಡಿಸಲೂ ವಿದ್ಯುತ್ತು ಬೇಕು. ಫ್ರಿಜ್ಜಂತೂ ಬೇಡವೇ ಬೇಡ. ತಣ್ಣಗಿನ ಫೋನನ್ನು ಹೊರತೆಗೆದ ಕ್ಷಣ, ಫ್ರಿಜ್ಜಿನ ಬಾಟಲಿಯ ಮೈಮೇಲೆ ಮೂಡುವಂಥದೇ ನೀರಹನಿ ಅದರ ಸರ್ಕಿಟ್ಟುಗಳ ಮೇಲೂ ಮೂಡಬಹುದು.

ಕೈಗೆ ತಣ್ಣಗಿರುವ ಫೋನು ತಾಪದ ಎಚ್ಚರಿಕೆ ತೋರಿಸುತ್ತಿದ್ದರೆ ಮಾತು ಬೇರೆ. ಆಗ ಥರ್ಮಿಸ್ಟರಿನ ಸಂಪರ್ಕವೇ ಕೆಟ್ಟಿರಬಹುದು, ಬ್ಯಾಟರಿ ಬದಲಾಯಿಸಬೇಕಾಗಬಹುದು. ಫೋನಿನ ಹಿಂಬದಿ ಉಬ್ಬಿದ್ದರೆ ಅಥವಾ ಪರದೆ ಅಂಚಿನಿಂದ ಎದ್ದಿದ್ದರೆ, ಒಡೆದ ದ್ರಾವಣದಿಂದ ಹುಟ್ಟಿದ ಅನಿಲ ಒಳಗೆ ತುಂಬಿದೆ ಎಂದು ತಿಳಿಯಬೇಕು. ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೊಮ್ಮೆ ಚಾರ್ಜಿಗೆ ಹಾಕದೆ, ಆರಿಸಿ, ಬ್ಯಾಟರಿ ಬದಲಾಯಿಸಬಲ್ಲವರ ಬಳಿಗೆ ಅಂದೇ ಒಯ್ಯಬೇಕು.