ಧ್ಯಾನಕ್ಕೆ ಕೂತರೆ ಮನಸ್ಸು ಇನ್ನಷ್ಟು ಅಲೆಯುವುದೇಕೆ?

ಪ್ರಶ್ನೆ: ಒತ್ತಡ ತಗ್ಗಲೆಂದು ದಿನವೂ ಬೆಳಿಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಕೂತ ಕೂಡಲೇ ಆಫೀಸಿನ ಕೆಲಸ, ಸಾಲದ ಕಂತು, ಮಗನ ಪರೀಕ್ಷೆ ಎಲ್ಲವೂ ಒಟ್ಟಿಗೆ ನುಗ್ಗಿ ಬರುತ್ತವೆ. ನನ್ನಂಥವರಿಗೆ ಧ್ಯಾನ ಒಗ್ಗುವುದಿಲ್ಲವೇ?

ಉತ್ತರ: ಒಗ್ಗುತ್ತದೆ. ಧ್ಯಾನವೆಂದರೆ ಯೋಚನೆಗಳೇ ಇಲ್ಲದ ಸ್ಥಿತಿ ಎಂಬ ನಿರೀಕ್ಷೆಯನ್ನು ಮಾತ್ರ ಬಿಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಜನರನ್ನು ಫೋನಿನ ಮೂಲಕ ವಿಚಾರಿಸಿದಾಗ, ಶೇ. 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಅಂದರೆ ನಿಮ್ಮ ಮನಸ್ಸು ಕೂತಾಗಷ್ಟೇ ಅಲೆಯುತ್ತಿಲ್ಲ. ದಿನವಿಡೀ ಅಲೆಯುವುದು ಕೂತಾಗ ನಿಮ್ಮ ಗಮನಕ್ಕೆ ಬರುತ್ತಿದೆ. ಸಾಲದ ಕಂತಿನ ಲೆಕ್ಕ ಹಾಕುತ್ತಿದ್ದೇನೆಂದು ಅರಿವಾಗಿ ಮತ್ತೆ ಉಸಿರಿನ ಕಡೆಗೆ ಮರಳುತ್ತೀರಲ್ಲ, ಅಭ್ಯಾಸವೆಂದರೆ ಅದೇ. ಹತ್ತು ನಿಮಿಷದಲ್ಲಿ ಐವತ್ತು ಸಲ ಮರಳಿದರೆ ಐವತ್ತು ಸಲ ಅಭ್ಯಾಸ ಮಾಡಿದಂತಾಯಿತು.

ದೇಹದ ಕಡೆಯಿಂದ ಹೊರಡುವ ಇನ್ನೊಂದು ದಾರಿಯಿದೆ, ನನಗೆ ಅದರ ಮೇಲೆ ಹೆಚ್ಚು ಭರವಸೆ. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ: ಒಳಗೆಳೆದುಕೊಳ್ಳುವಾಗ ಬಡಿತ ತುಸು ಚುರುಕಾಗಿ, ಹೊರಬಿಡುವಾಗ ನಿಧಾನವಾಗುವುದು ಹಲವರಿಗೆ ಬೆರಳಿಗೇ ತಿಳಿಯುತ್ತದೆ. ಹೃದಯದ ವೇಗವನ್ನು ತಗ್ಗಿಸುವ ವೇಗಸ್ ನರದ ಪ್ರಭಾವ ನಿಶ್ವಾಸದ ವೇಳೆ ಹೆಚ್ಚುವುದೇ ಇದಕ್ಕೆ ಕಾರಣ. ಆದ್ದರಿಂದ ನಾಲ್ಕು ಸೆಕೆಂಡು ಒಳಕ್ಕೆ, ಆರು ಸೆಕೆಂಡು ಹೊರಕ್ಕೆ ಎಂಬ ಲೆಕ್ಕದಲ್ಲಿ ನಿಮಿಷಕ್ಕೆ ಆರು ಉಸಿರಿನಂತೆ ಐದು ನಿಮಿಷ ಮಾಡಿದರೂ ಸಾಕು. ಸಿಗ್ನಲ್‌ನಲ್ಲಿ ನಿಂತ ಬಸ್ಸಿನಲ್ಲಿ ಕೂತೇ ಮಾಡಬಹುದು, ಪಕ್ಕದವರಿಗೂ ತಿಳಿಯುವುದಿಲ್ಲ. ತಲೆ ಹಗುರಾದಂತಾದರೆ ಉಸಿರನ್ನು ಬಲವಂತವಾಗಿ ಎಳೆಯುತ್ತಿದ್ದೀರೆಂದು ತಿಳಿದು ಸಹಜ ಉಸಿರಿಗೆ ಮರಳಿ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಲ್ಲಿ ಜಾನ್ ಕಬಟ್-ಝಿನ್ ಒತ್ತಡ ತಗ್ಗಿಸಲೆಂದು ಆರಂಭಿಸಿದ ಎಂಟು ವಾರಗಳ ಧ್ಯಾನ ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನುವ ಪಾಠವಿದೆ. ನಮಗೆ ದ್ರಾಕ್ಷಿಯೇ ಆಗಬೇಕೆಂದಿಲ್ಲ. ಬೆಳಗಿನ ಕಾಫಿಯ ಮೊದಲ ನಾಲ್ಕು ಗುಟುಕನ್ನು ಮೊಬೈಲ್ ಪಕ್ಕಕ್ಕಿಟ್ಟು ಕುಡಿಯಿರಿ: ಲೋಟದ ಅಂಚಿನ ಬಿಸಿ, ಡಿಕಾಕ್ಷನ್ನಿನ ಘಮ, ನಾಲಿಗೆಯ ಹಿಂಬದಿಯಲ್ಲಿ ಉಳಿಯುವ ಕಹಿ. ಐದನೆಯ ಗುಟುಕಿಗೆ ಆಫೀಸು ನೆನಪಾಗುತ್ತದೆ, ಆಗಲಿ.

ಕಣ್ಣು ಮುಚ್ಚಿದಾಗ ಹಳೆಯ ಆಘಾತದ ನೆನಪುಗಳು ಮರುಕಳಿಸುವವರು, ಎದೆ ಡವಗುಟ್ಟಿ ಗಾಬರಿಯಾಗುವವರು ಹಟ ಹಿಡಿದು ಕೂರಬಾರದು. ಕಣ್ಣು ತೆರೆದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದು ಅವರಿಗೆ ಒಳಿತು. ವಾರಗಟ್ಟಲೆ ನಿದ್ದೆಗೆಟ್ಟು, ಊಟ ರುಚಿಸದೆ, ಕೆಲಸವೇ ಬೇಡವೆನಿಸುತ್ತಿದ್ದರೆ ಅದಕ್ಕೆ ಧ್ಯಾನವೊಂದೇ ಸಾಲದು. ವೈದ್ಯರನ್ನು ಕಾಣಬೇಕು, ಅಥವಾ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.